ರದ್ದುಮಾಡಬಹುದು

ಕಳೆದ ವಾರ ಬೆಳಗಿನ ಜಾವದಲ್ಲಿ ದೂರವಾಣಿ ಕರೆ ಬಂದಿತು. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ. ಕುಶಲಪ್ರಶ್ನೆಗಳು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಕೆಲಸ ಹೋಯ್ತು. ಅರವತ್ತು ದಿವಸ ಇದೆ ಅಷ್ಟೆ. ಮೆಲ್ಬೋರ್ನಿನಲ್ಲಿ ನಮ್ಮ ಕ್ಲಾಸಿನವನಿಗೂ ಹೀಗೇ ಆಗಿತ್ತಂತಲ್ಲ, ಅವನು ಏನು ಮಾಡಿದ?" ಎಂದು ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ ಅದು. ಮೆಲ್ಬೋರ್ನಿನವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರಾಗಲಿ, ಅವನು ಕೆಲಸ ಮಾಡಿದ ಸಂಸ್ಥೆಗಳ ಹೆಸರಾಗಲಿ ಇಲ್ಲಿರುವುದಿಲ್ಲ. ಅವನ ಸಹಪಾಠಿಗಳು ಊಹಿಸಿಕೊಂಡರೆ ಅದು ನನ್ನ ತಪ್ಪಲ್ಲ.

ನಮ್ಮ ಪ್ರೌಢಶಾಲೆಯಲ್ಲಿ ಅವನು ಹಿಂದಿನ ಬೆಂಚಿನ ಹುಡುಗ. ಇಂಗ್ಲಿಷಿನಲ್ಲಿ ಮೂವತ್ತೆಂಟು ಅಂಕ ಪಡೆದು ಎಸ್ಸೆಸ್ಸೆಲ್ಸಿ ದಾಟಿದವನು. ಆದರೆ ಶಾಲೆಯ ಬೋರ್‌ವೆಲ್ಲಿನ ಪಂಪು ಕೆಟ್ಟಾಗ ಹೆಡ್‌ಮಾಸ್ತರರು ಮೊದಲು ಕರೆಯುತ್ತಿದ್ದುದು ಅವನನ್ನೇ. ಮುಂದೆ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತ. ಬಸ್ ಡಿಪೋವಿನಲ್ಲಿ ಅಪ್ರೆಂಟಿಸ್ ಆದ. ಕೊಲ್ಲಿಯ ದೇಶವೊಂದರಲ್ಲಿ ಕೆಲವು ವರ್ಷ ಬೆವರು ಸುರಿಸಿದ. 2018ರ ಮಧ್ಯದಲ್ಲಿ ಹೆಂಡತಿ ಮತ್ತು ಮಗನೊಡನೆ ಮೆಲ್ಬೋರ್ನಿಗೆ ಹೋದ. ಅಲ್ಲಿ ಕುಶಲ ಕೆಲಸಗಾರರಿಗೆ ಕೊಡುವ 482ನೆಯ ವರ್ಗದ ವೀಸಾ. ನಾಲ್ಕು ವರ್ಷದ ಅವಧಿ. ಪ್ರಾಯೋಜಕನಾದ ಮಾಲೀಕನ ಬಳಿಯೇ, ವೀಸಾದಲ್ಲಿ ನಮೂದಾದ ಕಸುಬನ್ನೇ ಮಾಡತಕ್ಕದ್ದು ಎಂಬುದು ಅದರ ಷರತ್ತು. ಷರತ್ತಿಗೆ ಒಂದು ಸಂಖ್ಯೆಯೂ ಇದೆ, 8607. ಆ ಸಂಖ್ಯೆಯನ್ನು ಅವನು ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ.

2019ರ ಅಕ್ಟೋಬರಿನಲ್ಲಿ ನಾನು ಮೆಲ್ಬೋರ್ನಿನ ಪಶ್ಚಿಮ ಬಡಾವಣೆಯಾದ ಟಾರ್ನೀಟಿನಲ್ಲಿ ಮಗಳ ಮನೆಗೆ ಹೋದೆ. ಆ ಶಿಷ್ಯ ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿದ್ದಾನೆಂದು ತಿಳಿದಿತ್ತು. ಎರಡು ಸಲ ಫೋನು ಮಾಡಿದರೂ "ಬರ್ತೀನಿ ಸಾರ್" ಎಂದನೇ ಹೊರತು ಬರಲಿಲ್ಲ. ಕೈತುಂಬ ಕೆಲಸವಿರಬೇಕೆಂದುಕೊಂಡೆ. ಡಿಸೆಂಬರ್ 15ರ ಭಾನುವಾರ ಸಂಜೆ, ಹೇಳದೆ ಕೇಳದೆ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳ ಕಂತೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕಾಲಿಗೆ ನಮಸ್ಕಾರ ಮಾಡಿ ಎದ್ದವನು ಮುಖ ಎತ್ತಲೇ ಇಲ್ಲ.

ನಡೆದದ್ದು ಇಷ್ಟು. ಅವನಿದ್ದ ವರ್ಕ್‌ಶಾಪಿಗೆ ದೊಡ್ಡ ಗುತ್ತಿಗೆಯೊಂದು ತಪ್ಪಿಹೋಗಿ, ಆಗಸ್ಟ್ 16ರಂದು ಏಳು ಜನರನ್ನು ಕೆಲಸದಿಂದ ತೆಗೆದರು. ಪ್ರಾಯೋಜಕರು ಇಂಥ ಸುದ್ದಿಯನ್ನು 28 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ; ತಿಳಿಸಿದರು. ಕೆಲಸ ನಿಂತ ಮೇಲೆ ಸತತವಾಗಿ 60 ದಿನಗಳಿಗಿಂತ ಹೆಚ್ಚು ಕಾಲ ಹಾಗೇ ಇರಕೂಡದು ಎಂಬುದು ಆಗಿನ ಷರತ್ತು. ಆ 60 ದಿನಗಳಲ್ಲಿ ಅವನು ನಲವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ. ಲಾರಿ ರಿಪೇರಿಯ ಯಾರ್ಡೊಂದರ ಮಾಲೀಕ ಅವನ ಕೈಕೆಲಸ ನೋಡಿ, "ನಾಳೆಯೇ ಬಾ" ಎಂದ. ಆದರೆ ನಾಳೆಯೇ ಹೋಗುವಂತಿಲ್ಲ. ಆ ಮಾಲೀಕ ಮೊದಲು ಸರ್ಕಾರದಿಂದ ಪ್ರಾಯೋಜಕನೆಂದು ಮಾನ್ಯತೆ ಪಡೆಯಬೇಕು, ಆಮೇಲೆ ಇವನ ಹೆಸರಿಗೆ ನಾಮನಿರ್ದೇಶನ ಸಲ್ಲಿಸಬೇಕು, ಅದು ಮಂಜೂರಾಗಬೇಕು. ಅಷ್ಟರಲ್ಲಿ ದಿನಗಳು ಮುಗಿದಿದ್ದವು. ನಡುವೆ ಒಬ್ಬ ಮಧ್ಯವರ್ತಿ ಬಂದು, ಇಪ್ಪತ್ತು ಸಾವಿರ ಡಾಲರು ಕೊಟ್ಟರೆ ಕಾಗದದ ಮೇಲೆ ಕೆಲಸ ತೋರಿಸುತ್ತೇನೆಂದು ಹೇಳಿದನಂತೆ. ಪ್ರಾಯೋಜಕತ್ವಕ್ಕೆ ಹಣ ಕೊಡುವುದೂ ತೆಗೆದುಕೊಳ್ಳುವುದೂ ಅಲ್ಲಿ 2015ರ ಡಿಸೆಂಬರಿನಿಂದ ಕಾನೂನುಬಾಹಿರ. ಇವನಿಗೆ ಆ ಕಾನೂನು ತಿಳಿದಿರಲಿಲ್ಲ. "ಸುಳ್ಳು ಕೆಲಸ ಬೇಡ ಸಾರ್ ಅನ್ನಿಸ್ತು" ಎಂದನಷ್ಟೆ.

ನವೆಂಬರಿನಲ್ಲಿ ಇಲಾಖೆಯಿಂದ ನೋಟೀಸು ಬಂತು. ವೀಸಾ ರದ್ದುಮಾಡುವ ವಿಚಾರ ನಮ್ಮ ಮುಂದಿದೆ. ಯಾಕೆ ರದ್ದುಮಾಡಬಾರದೆಂಬುದಕ್ಕೆ ನಿಮ್ಮ ಉತ್ತರವೇನು ಎಂದು ಕೇಳುವ ಕಾಗದ. ಅವನು ಯಾರಿಗೂ ಹೇಳದೆ ಒಬ್ಬನೇ ಕುಳಿತು ಉತ್ತರ ಬರೆದು ಕಳಿಸಿದ. ಡಿಸೆಂಬರ್ 13ರ ಶುಕ್ರವಾರ ವೀಸಾ ರದ್ದಾಯಿತು. ಹೆಂಡತಿ ಮಗನ ವೀಸಾಗಳು ಅವನದ್ದನ್ನೇ ಆಧರಿಸಿದ್ದವಾದ್ದರಿಂದ ಅವೂ ತಾವಾಗಿಯೇ ಬಿದ್ದುಹೋದವು.

"ನೀನು ಬರೆದ ಉತ್ತರ ಕೊಡಪ್ಪ, ನೋಡೋಣ" ಎಂದೆ. ಒಂದೇ ಹಾಳೆ. ಇಂಗ್ಲಿಷಿನಲ್ಲಿತ್ತು. ಓದುತ್ತ ಓದುತ್ತ ನನ್ನ ಕೈ ತಣ್ಣಗಾಯಿತು.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನೆನಪಿರಬಹುದು. ಪತ್ರಲೇಖನದ ಪಾಠ. ಎಡಗಡೆ ‘ಇವರಿಂದ’, ಕೆಳಗೆ ‘ಇವರಿಗೆ’, ಆಮೇಲೆ ‘ಮಾನ್ಯರೇ’. ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಎರಡು ದಿನ ಶಾಲೆಗೆ ಬರಲಾಗಲಿಲ್ಲ, ನನ್ನ ತಪ್ಪನ್ನು ದಯಮಾಡಿ ಮನ್ನಿಸಿ ರಜೆ ಮಂಜೂರು ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ಜ್ವರ ಬಂದು ಮಲಗಿದ ಹುಡುಗನಿಂದಲೂ ‘ನನ್ನ ತಪ್ಪನ್ನು ಮನ್ನಿಸಿ’ ಎಂದು ಬರೆಸುತ್ತಿದ್ದೆ. ಬರೆಯದವನಿಗೆ ಅರ್ಧ ಅಂಕ ಕಡಿಮೆ. ಮೂವತ್ತಮೂರು ವರ್ಷ ಕಲಿಸಿದೆ. ಅದು ವಿನಯವೆಂದು ನಾನು ತಿಳಿದಿದ್ದೆ.

ಅದೇ ಕಾಗದ ಇಂಗ್ಲಿಷಿನ ಅಂಗಿ ತೊಟ್ಟು ನನ್ನ ಮುಂದಿತ್ತು. ಇದು ನನ್ನ ತಪ್ಪು, ಇದೊಂದು ಸಲ ಕ್ಷಮಿಸಬೇಕು, ನಾನು ಬಡವ, ತಮ್ಮ ದಯೆಯಿಂದಲೇ ನನ್ನ ಸಂಸಾರ ಬದುಕಬೇಕು ಎಂದಿತ್ತು. ಏಳು ಜನರನ್ನು ಒಟ್ಟಿಗೆ ತೆಗೆದದ್ದು ಅದರಲ್ಲಿರಲಿಲ್ಲ. ಹಾಕಿದ ಅರ್ಜಿಗಳ ಮಾತಿರಲಿಲ್ಲ. ಹೊಸ ಮಾಲೀಕನ ಹೆಸರಿರಲಿಲ್ಲ. ಮಗನ ಶಾಲೆಯ ಪ್ರಸ್ತಾಪವಿರಲಿಲ್ಲ. ಇನ್ನು ಇಲಾಖೆಯ ಆದೇಶದಲ್ಲಿ ಒಂದು ವಾಕ್ಯ: ವೀಸಾದಾರರು ಷರತ್ತು ಪಾಲಿಸದಿರುವುದು ತಮ್ಮ ತಪ್ಪೆಂದು ಸ್ವತಃ ಒಪ್ಪಿಕೊಂಡಿದ್ದಾರೆ. ಬರೆದ ಅಧಿಕಾರಿಯನ್ನು ನಾನು ದೂರುವುದಿಲ್ಲ. ಅವರ ಮುಂದಿದ್ದದ್ದು ಆ ಒಂದು ಹಾಳೆ ಮಾತ್ರ.

"ಯಾಕಪ್ಪಾ ಹೀಗೆ ಬರೆದೆ?" ಎಂದೆ. "ನೀವು ಹೇಳಿಕೊಟ್ಟ ಹಾಗೇ ಬರೆದೆ ಸಾರ್" ಎಂದ. ಆಕ್ಷೇಪಣೆಯ ದನಿಯಲ್ಲಲ್ಲ, ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆಂಬ ದನಿಯಲ್ಲಿ.

ಆ ರಾತ್ರಿ ನಾನೇ ಇನ್ನೊಂದು ಕಾಗದ ಬರೆದುಕೊಡುವೆನೆಂದು ಹೊರಟೆ. ಮಗಳು ತಡೆದಳು. "ಅಪ್ಪ, ಇಲ್ಲಿ ನೋಂದಾಯಿತ ಏಜೆಂಟರೋ ವಕೀಲರೋ ಅಲ್ಲದವರು ವೀಸಾ ವಿಷಯಕ್ಕೆ ಸಲಹೆ ಕೊಡೋದೇ ಅಪರಾಧ. ನೀವು ಸುಮ್ಮನೆ ಕೂತ್ಕೊಳ್ಳಿ" ಎಂದಳು. ಒಳ್ಳೆಯದೇ ಆಯಿತು. ಮರುದಿನ ಅವಳೇ ಹುಡುಕಿ, ಬಡವರಿಗೆ ಶುಲ್ಕವಿಲ್ಲದೆ ನೆರವಾಗುವ ಕಾನೂನು ಕೇಂದ್ರವೊಂದರಲ್ಲಿ ಮಂಗಳವಾರಕ್ಕೆ ಸಮಯ ಕೇಳಿದಳು. ಮೇಲ್ಮನವಿಗೆ ಇದ್ದದ್ದು ಏಳು ಕೆಲಸದ ದಿನ. ಅಂದರೆ ಡಿಸೆಂಬರ್ 24, ಕ್ರಿಸ್ಮಸ್‌ನ ಹಿಂದಿನ ದಿನ. ಆ ವಾರದಲ್ಲಿ ಊರಿಗೆ ಊರೇ ರಜೆಯ ಸಡಗರದಲ್ಲಿರುತ್ತದೆ. ಒಂದು ದಿನ ತಡವಾದರೂ ಮನ್ನಿಸುವ ಅಧಿಕಾರ ಆಗಿನ ನ್ಯಾಯಮಂಡಳಿಗೇ ಇರಲಿಲ್ಲ.

ಅಲ್ಲಿನ ವಕೀಲೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಆದೇಶವನ್ನು ಎರಡು ಸಲ ಓದಿ, ಮೇಜಿನ ಮೇಲಿದ್ದ ಕಾಯಿದೆಯ ಪುಸ್ತಕ ತೆರೆದು ಒಂದು ಪದದ ಕೆಳಗೆ ಬೆರಳಿಟ್ಟಳು. 1958ರ ವಲಸೆ ಕಾಯಿದೆಯ 116ನೆಯ ಕಲಂ. ಅದರಲ್ಲಿ ಷರತ್ತು ಪಾಲಿಸದವರ ವೀಸಾವನ್ನು ಮಂತ್ರಿಗಳು ರದ್ದುಮಾಡತಕ್ಕದ್ದು ಎಂದಿಲ್ಲ, ರದ್ದುಮಾಡಬಹುದು ಎಂದಿದೆ.

ವ್ಯಾಕರಣದ ಮೇಷ್ಟರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ. ‘ತಕ್ಕದ್ದು’ ಎಂದರೆ ಮಾತು ಮುಗಿಯಿತು. ‘ಬಹುದು’ ಎಂದರೆ ಮಾತು ಈಗ ಆರಂಭವಾಗಬೇಕು. 60 ದಿನ ಮೀರಿದ್ದು ಸತ್ಯ. ಅದನ್ನು ಅಲ್ಲಗಳೆಯುವ ಹಾಗಿಲ್ಲ, ಅಲ್ಲಗಳೆಯಲೂ ಬಾರದು. ಆದರೆ ಅದು ಬಾಗಿಲು ಮಾತ್ರ. ಬಾಗಿಲು ದಾಟಿದ ಮೇಲೆ, ರದ್ದುಮಾಡಬೇಕೆ ಬಿಡಬೇಕೆ ಎಂದು ತೂಗುವುದು ಬೇರೆಯೇ ಕೆಲಸ. ಈ ಮನುಷ್ಯ ಯಾವ ಉದ್ದೇಶಕ್ಕಾಗಿ ಬಂದ, ಆ ಉದ್ದೇಶ ಇನ್ನೂ ಉಳಿದಿದೆಯೇ? ಷರತ್ತು ಮುರಿದದ್ದು ಅವನ ಕೈಮೀರಿದ ಕಾರಣದಿಂದಲೇ? ಉಳಿದ ಷರತ್ತುಗಳನ್ನು ಪಾಲಿಸಿದ್ದಾನೆಯೇ? ಇಲಾಖೆಯೊಡನೆ ಹೇಗೆ ನಡೆದುಕೊಂಡ? ರದ್ದಾದರೆ ಅವನಿಗೂ ಸಂಸಾರಕ್ಕೂ ಏನು ಕಷ್ಟ, ಮಗುವಿನ ಹಿತ ಯಾವುದರಲ್ಲಿದೆ? ಮಗುವಿನ ಹಿತವನ್ನು ಇಂಥ ತೀರ್ಮಾನಗಳಲ್ಲಿ ಮುಖ್ಯವಾಗಿ ನೋಡಬೇಕೆಂಬ ಮಾತಿಗೆ ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯದ 1995ರ ತೀರ್ಪೊಂದು ಬಲ ಕೊಟ್ಟಿದೆಯಂತೆ. ನೋಟೀಸು ಕೇಳಿದ್ದದ್ದು ಇವುಗಳನ್ನು. ಇವನು ಉತ್ತರಿಸಿದ್ದು ಬೇರೊಂದು ಪ್ರಶ್ನೆಗೆ.

ಮೇಲ್ಮನವಿ ಹೋಗುವುದು ಆಗ ಆಡಳಿತಾತ್ಮಕ ಮೇಲ್ಮನವಿ ನ್ಯಾಯಮಂಡಳಿಗೆ. (2024ರ ಅಕ್ಟೋಬರ್ 14ರಂದು ಅದು ಹೋಗಿ, ಅದರ ಸ್ಥಾನದಲ್ಲಿ ಆಡಳಿತಾತ್ಮಕ ಪುನರ್ವಿಮರ್ಶಾ ನ್ಯಾಯಮಂಡಳಿ ಬಂದಿದೆ.) ಅದು ನ್ಯಾಯಾಲಯವಲ್ಲ. ನ್ಯಾಯಾಲಯವಾದರೆ ಅಧಿಕಾರಿಯ ಆದೇಶದಲ್ಲಿ ಕಾನೂನಿನ ದೋಷವಿದೆಯೇ ಎಂದಷ್ಟೇ ನೋಡುತ್ತದೆ. ನ್ಯಾಯಮಂಡಳಿ ಹಾಗಲ್ಲ, ತಾನೇ ಆ ಅಧಿಕಾರಿಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಹೊಸದಾಗಿ ತೂಗುತ್ತದೆ. ಅಧಿಕಾರಿಯ ಮುಂದಿರದಿದ್ದ ದಾಖಲೆಗಳನ್ನೂ ಅಲ್ಲಿ ಇಡಬಹುದು. ಮೊದಲ ಕಾಗದ ಹಾಳಾದವನಿಗೆ ಇದಕ್ಕಿಂತ ದೊಡ್ಡ ಅವಕಾಶ ಯಾವುದು? ಶುಲ್ಕ ಆಗ ಸುಮಾರು 1,800 ಡಾಲರು. ಈಗ ಅದರ ಎರಡರಷ್ಟಾಗಿದೆ. ತೀರಾ ಕಷ್ಟದಲ್ಲಿರುವವರಿಗೆ ಅರ್ಧ ಕಡಿತವುಂಟು. ಡಿಸೆಂಬರ್ 19ರ ಗುರುವಾರ ಅರ್ಜಿ ದಾಖಲಾಯಿತು.

ಕಾನೂನಿನ ಕೆಲಸ ವಕೀಲೆಯದು. ನನಗೆ ಸಿಕ್ಕಿದ್ದು ಗುಮಾಸ್ತೆಯ ಕೆಲಸ. ಮಗಳ ಊಟದ ಮೇಜಿನ ಮೇಲೆ ಆ ಪ್ಲಾಸ್ಟಿಕ್ ಕವರಿನ ಕಾಗದಗಳನ್ನೆಲ್ಲ ಸುರಿದು, ತಾರೀಖಿನ ಪ್ರಕಾರ ಜೋಡಿಸತೊಡಗಿದೆವು. ಅವನು ಮುದುಡಿ ಎಸೆಯಬೇಕೆಂದಿದ್ದ ಚೀಟಿಗಳೇ ಬಂಗಾರವಾದವು. ಏಳು ಜನರನ್ನು ತೆಗೆದ ಪತ್ರ, ಆಗಸ್ಟ್ 16. ಯಾರ್ಡಿನ ಮಾಲೀಕನ ಮಿಂಚಂಚೆ, ಸೆಪ್ಟೆಂಬರ್ 9. ಅಂದರೆ 24ನೆಯ ದಿನ. ಆ ಮಾಲೀಕ ಪ್ರಾಯೋಜಕನಾಗಲು ಸಲ್ಲಿಸಿದ ಅರ್ಜಿಯ ರಸೀದಿ, ಅಕ್ಟೋಬರ್ 3, 48ನೆಯ ದಿನ. ನಾನು ಬೆರಳೆಣಿಸಿ ಎರಡು ಸಲ ಲೆಕ್ಕ ಹಾಕಿದೆ. 60 ತುಂಬುವ ಮೊದಲೇ ಹೊಸ ಮಾಲೀಕ ಇಲಾಖೆಯ ಬಾಗಿಲು ತಟ್ಟಿದ್ದ! ಆ ರಸೀದಿ ಇವನ ಜೇಬಿನಲ್ಲೇ ಇತ್ತು. "ಇದನ್ನು ಯಾಕೆ ಕಳಿಸಲಿಲ್ಲವೋ?" ಎಂದರೆ, "ದೊಡ್ಡೋರಿಗೆ ಎದುರು ಮಾತಾಡಿದ ಹಾಗೆ ಆಗುತ್ತೆ ಅಂದ್ಕೊಂಡೆ ಸಾರ್" ಎಂದ.

ನಾನೊಂದು ನಡತೆಯ ಪ್ರಮಾಣಪತ್ರವನ್ನೂ ಬರೆದೆ. ಸುಸಂಸ್ಕೃತ, ಸುಶೀಲ, ವಿನಯಸಂಪನ್ನ ಎಂದೆಲ್ಲ ಇಂಗ್ಲಿಷಿನಲ್ಲಿ ಒಂದೂವರೆ ಪುಟ. ವಕೀಲೆ ನಗುತ್ತಲೇ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, "ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ" ಎಂದಳು. ಉಳಿದದ್ದು ಬೋರ್‌ವೆಲ್ ಪಂಪು ಮಾತ್ರ. ಮೂರು ವರ್ಷ ಶಾಲೆಯ ಪಂಪನ್ನು ಕೂಲಿಯಿಲ್ಲದೆ ರಿಪೇರಿ ಮಾಡಿಕೊಟ್ಟ ಎಂಬ ಎರಡು ಸಾಲು. ವಿಚಾರಣೆಯಲ್ಲಿ ಅದನ್ನು ಯಾರೂ ಕೇಳಲೇ ಇಲ್ಲವಂತೆ.

ಅಲ್ಲಿಂದ ಮುಂದಿನ ತಿಂಗಳುಗಳು ಕಷ್ಟದವು. ಮನವಿ ಬಾಕಿಯಿರುವವರೆಗೆ ಅಲ್ಲಿರಲು ಬ್ರಿಡ್ಜಿಂಗ್ ವೀಸಾ ಕೊಡುತ್ತಾರೆ, ಆದರೆ ಅವನಿಗೆ ಸಿಕ್ಕ ಬಗೆಯದರಲ್ಲಿ ಮೊದಲಿಗೆ ದುಡಿಯುವ ಅನುಮತಿಯಿರಲಿಲ್ಲ. ಹೆಂಡತಿ ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು, ಅದೂ ನಿಂತಿತು. ದುಡಿಯದೆ ಗತಿಯಿಲ್ಲವೆಂಬುದನ್ನು ಬ್ಯಾಂಕಿನ ಲೆಕ್ಕ, ಬಾಡಿಗೆಯ ರಸೀದಿಗಳಿಂದ ತೋರಿಸಿ ಅನುಮತಿ ಪಡೆಯುವಷ್ಟರಲ್ಲಿ ಏಪ್ರಿಲ್ ಬಂದಿತ್ತು. ಟಾರ್ನೀಟಿನ ಗುರುದ್ವಾರದ ಲಂಗರಿನಲ್ಲಿ ಎಷ್ಟೋ ಸಂಜೆ ಮೂವರೂ ಊಟ ಮಾಡಿದ್ದಾರೆ. ಮಗನಿಗೆ ಅದು ಹಬ್ಬವೆಂದು ಹೇಳಿದ್ದರಂತೆ. ಎಂಟು ವರ್ಷದ ಹುಡುಗ, ಎಷ್ಟು ನಂಬಿದನೋ. ವೀಸಾ ರದ್ದಾದವರು ಆ ದೇಶದೊಳಗಿದ್ದುಕೊಂಡು ಬೇರೆ ಬಹುತೇಕ ವೀಸಾಗಳಿಗೆ ಅರ್ಜಿ ಹಾಕುವಂತೆಯೂ ಇಲ್ಲ. ಹಾಗಾಗಿ ಈ ಮನವಿ ಬಿಟ್ಟರೆ ಉಳಿದದ್ದು ವಿಮಾನದ ಟಿಕೆಟ್ಟು ಮಾತ್ರ. ಊರಿಗೆ ಹೋಗಿಬಿಡೋಣವೆಂದು ಹೆಂಡತಿ ಎರಡು ಸಲ ಪೆಟ್ಟಿಗೆ ಕಟ್ಟಿದ್ದಳು. ಹಾಗೆ ಹೋಗಿದ್ದರೂ ಅವಮಾನವೇನಿರಲಿಲ್ಲ ಎಂದು ನಾನೇ ಹೇಳಿದ್ದೆ. ಆದರೆ ಯಾರ್ಡಿನ ಮಾಲೀಕ ಕೈಬಿಡಲಿಲ್ಲ. ಫೆಬ್ರವರಿಯಲ್ಲಿ ನಾಮನಿರ್ದೇಶನ ಮಂಜೂರಾಗಿತ್ತು. ದುಡಿಯುವ ಅನುಮತಿ ಬಂದ ಮರುದಿನವೇ ಅವನನ್ನು ಕೆಲಸಕ್ಕೆ ಕರೆದುಕೊಂಡ.

ವಿಚಾರಣೆ ನಡೆದದ್ದು 2020ರ ಡಿಸೆಂಬರಿನಲ್ಲಿ, ಕೊರೋನಾದ ಕಾರಣ ವೀಡಿಯೋ ಮೂಲಕ. ನಾನು ಆಗಲೇ ಊರಿಗೆ ಮರಳಿದ್ದೆ. ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಕನ್ನಡದ ದುಭಾಷಿಯನ್ನು ನ್ಯಾಯಮಂಡಳಿಯೇ ತನ್ನ ಖರ್ಚಿನಲ್ಲಿ ಒದಗಿಸಿತ್ತು. ವಿಚಾರಣೆ ನಡೆಸಿದ ಸದಸ್ಯೆ ಮೊದಲು ತೆಗೆದದ್ದು ಆ ಹಳೆಯ ಹಾಳೆಯನ್ನೇ. "ಇಲ್ಲಿ ನಿಮ್ಮ ತಪ್ಪು ಎಂದು ಬರೆದಿದ್ದೀರಿ. ಯಾವ ತಪ್ಪು?" ಎಂದು ಕೇಳಿದರು. ಇವನಿಗೆ ನಾಲಗೆ ಒಣಗಿತು. ಕೊನೆಗೆ ಕನ್ನಡದಲ್ಲಿ, "ತಪ್ಪು ಯಾವುದೂ ಇಲ್ಲ ಅಮ್ಮಾ. ನಮ್ಮ ಸ್ಕೂಲಲ್ಲಿ ದೊಡ್ಡೋರಿಗೆ ಕಾಗದ ಬರೀವಾಗ ಮೊದಲು ತಪ್ಪಾಯ್ತು ಅನ್ನಬೇಕು ಅಂತ ಹೇಳಿಕೊಟ್ಟಿದ್ದರು" ಎಂದನಂತೆ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಸದಸ್ಯೆ ಏನನ್ನೋ ಬರೆದುಕೊಂಡು, "ಸರಿ, ಈಗ ಸೆಪ್ಟೆಂಬರ್ 9ರಿಂದ ಹೇಳಿ" ಎಂದರು. ಅಲ್ಲಿಂದ ಮುಂದೆ ಬರೀ ತಾರೀಖುಗಳು. ಅವನ್ನು ಅವನು ಬಾಯಿಪಾಠ ಒಪ್ಪಿಸಿದ.

ಜನವರಿಯಲ್ಲಿ ಆದೇಶ ಬಂತು. ಷರತ್ತು ಪಾಲನೆಯಾಗಿಲ್ಲ, ರದ್ದುಮಾಡಲು ಆಧಾರವಿದೆ ಎಂದು ಮೊದಲೇ ಹೇಳಿ, ಆಮೇಲೆ ಒಂದೊಂದಾಗಿ ತೂಗಿ, ಕೊನೆಗೆ ರದ್ದತಿಯನ್ನು ತಳ್ಳಿಹಾಕಿದ್ದರು. ಕೆಲಸ ಹೋದದ್ದು ಅವನ ದೋಷದಿಂದಲ್ಲ, ಕಾಲಮಿತಿಯೊಳಗೇ ಪ್ರಯತ್ನಿಸಿದ್ದಾನೆ, ಅವನು ಬಂದ ಉದ್ದೇಶ ಇನ್ನೂ ಜೀವಂತವಾಗಿದೆ. ಹೆಂಡತಿ ಮಗನ ವೀಸಾಗಳೂ ಮರಳಿದವು. ಆ ಪುಟಗಳನ್ನು ಅವನು ನನಗೆ ಕಳಿಸಿದ್ದ. ನಾನು ಹುಡುಕಿದ್ದು ಒಂದನ್ನೇ: ‘ತಪ್ಪು’ ಎಂಬ ಪದ. ಒಂದು ಕಡೆ ಇತ್ತು. ವೀಸಾದಾರರ ಶಾಲೆಯ ಅಭ್ಯಾಸದಿಂದ ಬಂದ ಔಪಚಾರಿಕ ಮಾತೆಂದು ಪರಿಗಣಿಸಿ ಅದಕ್ಕೆ ತೂಕ ಕೊಟ್ಟಿಲ್ಲ ಎಂದು ಬರೆದಿದ್ದರು. ಕಡಲಾಚೆಯ ನ್ಯಾಯಮಂಡಳಿಯೊಂದರ ಆದೇಶದಲ್ಲಿ ನನ್ನ ಪತ್ರಲೇಖನದ ಪಾಠ ಹೀಗೆ ದಾಖಲಾಯಿತು.

2024ರ ಜುಲೈ 1ರಿಂದ ಅಲ್ಲಿ ನಿಯಮ ಸಡಿಲವಾಗಿದೆ. 60 ದಿನದ ಬದಲು ಒಂದು ಸಲಕ್ಕೆ 180 ದಿನ, ವೀಸಾದ ಇಡೀ ಅವಧಿಯಲ್ಲಿ ಒಟ್ಟು 365 ದಿನ. ಆ ಕಾಲದಲ್ಲಿ ಬೇರೆ ಕಡೆ ದುಡಿಯಲೂಬಹುದು. ಇವನ ಕಾಲಕ್ಕೆ ಇದು ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಅಮೆರಿಕದಲ್ಲಿರುವ ನನ್ನ ಶಿಷ್ಯರು ಒಂದನ್ನು ಗಮನಿಸಬೇಕು: ನಿಮ್ಮಲ್ಲಿ ಲೆಕ್ಕ ಬೇರೆ. ಎಚ್-1ಬಿಯವರಿಗೆ 2017ರ ಜನವರಿಯಿಂದ ಜಾರಿಯಾದ ನಿಯಮದಂತೆ ಹೆಚ್ಚೆಂದರೆ 60 ದಿನ. ವಾಸದ ಅನುಮತಿ ಅದಕ್ಕೂ ಮೊದಲು ಮುಗಿಯುವುದಾದರೆ ಅಷ್ಟೇ. ಅಷ್ಟರೊಳಗೆ ಹೊಸ ಸಂಸ್ಥೆ ನಿಮ್ಮ ಪರವಾಗಿ ಅರ್ಜಿ ಸಲ್ಲಿಸಿರಬೇಕು. ಮೆಲ್ಬೋರ್ನಿನವನಿಗೆ ಸಿಕ್ಕಂಥ, ಎಲ್ಲವನ್ನೂ ಹೊಸದಾಗಿ ತೂಗುವ ನ್ಯಾಯಮಂಡಳಿ ಅಲ್ಲಿಲ್ಲ. ಅವಧಿ ಮುಗಿಯುವ ಮೊದಲೇ ಸಂಸ್ಥೆ ತೆಗೆದುಹಾಕಿದರೆ ಊರಿಗೆ ಮರಳುವ ಪ್ರಯಾಣದ ವೆಚ್ಚವನ್ನು ಅದೇ ಕೊಡಬೇಕೆಂಬುದನ್ನು ಮರೆಯಬೇಡಿ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಲ್ಲಿ, ಭಾರತೀಯ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ, ಮಾಲೀಕರ ಪ್ರಾಯೋಜಕ ಪರವಾನಗಿ ರದ್ದಾದ ಸಂಗತಿಯನ್ನು ಅವರಿಗೆ ಕೂಡಲೇ ತಿಳಿಸದಿದ್ದದ್ದು ನ್ಯಾಯಸಮ್ಮತವಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಬೇರೆ ಕೆಲಸ ಹುಡುಕಲು ಇಷ್ಟು ದಿನ ಕೊಡಲೇಬೇಕೆಂದು ಬಹುಮತ ಹೇಳಲಿಲ್ಲ. ದೇಶದಿಂದ ದೇಶಕ್ಕೆ ‘ಬಹುದು’ ‘ತಕ್ಕದ್ದು’ಗಳು ಬದಲಾಗುತ್ತವೆ. ಮೊದಲ ದಿನವೇ ಅಲ್ಲಿನ ವಕೀಲರನ್ನು ಕಾಣಿ, ಮೇಷ್ಟರನ್ನಲ್ಲ.

ಫೋನು ಮಾಡಿದ ಹುಡುಗನಿಗೂ ಇದನ್ನೇ ಹೇಳಿ, ವಕೀಲರ ಬಳಿಗೆ ಹೋಗುವ ಮೊದಲು ಕೆಲಸದ ಕೊನೆಯ ದಿನದಿಂದ ಹಿಡಿದು ನಡೆದದ್ದನ್ನೆಲ್ಲ ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಬರೆ ಎಂದಿದ್ದೆ. ನಿನ್ನೆ ರಾತ್ರಿ ಬರೆದು ಕಳಿಸಿದ್ದಾನೆ. ತಾರೀಖುಗಳು ಅಚ್ಚುಕಟ್ಟಾಗಿವೆ. ಮೊದಲ ಸಾಲಿನಲ್ಲಿ ಮಾತ್ರ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಬೇಕು, ಇದೆಲ್ಲ ನನ್ನದೇ ತಪ್ಪು ಎಂದಿದೆ. ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಕೆಂಪು ಶಾಯಿಯ ಪೆನ್ನು ಎಲ್ಲಿದೆಯೋ ಹುಡುಕಬೇಕು.